ಉತ್ತರ ಮೊಬೈಲಲ್ಲಿ ಸಿಗ್ತದೆ, ಪ್ರಶ್ನೆ ಕೇಳುವವರು ಯಾರು?

ಕಳೆದ ವರ್ಷ ಮಳೆಗಾಲದ ಒಂದು ಸಂಜೆ. ಹೊಸೂರಿನ ನನ್ನ ಸ್ಟೇಷನರಿ-ಜೆರಾಕ್ಸ್ ಅಂಗಡಿಗೆ ಒಂದೇ ಶಾಲೆಯ ಮೂವರು ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದರು. ಮೂವರೂ ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಕಳಿಸಿ "ಅಣ್ಣಾ, ಪ್ರಿಂಟ್" ಅಂದರು. ಶಾಲೆಯಲ್ಲಿ ಕೊಟ್ಟ ವಿಷಯ: ನಮ್ಮ ಊರಿನ ನೀರು. ಪ್ರಿಂಟರ್ ಕಾಗದ ಹೊರಗೆ ತಳ್ಳುವಾಗ ಕಣ್ಣಾಡಿಸುವುದು ನನ್ನ ಅಭ್ಯಾಸ. ಮೂರರಲ್ಲೂ ನೀರು ಅಮೂಲ್ಯ, ಮಳೆನೀರು ಕೊಯ್ಲು ಮಾಡಬೇಕು, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು. ಶಬ್ದಗಳು ಅಲ್ಲಲ್ಲಿ ಬೇರೆ, ಕ್ರಮ ಮಾತ್ರ ಒಂದೇ. ಹೊಸೂರಿನ ಹೆಸರು ತಲೆಬರಹದಲ್ಲಿ ಒಂದು ಸಲ ಬಂದಿತ್ತು, ಅಷ್ಟೇ.

ನಮ್ಮ ಪೇಟೆಯ ಹತ್ತಿರವೇ ಕೆಲವರಪಳ್ಳಿ ಅಣೆಕಟ್ಟು ಉಂಟು. ನಂದಿ ಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ನದಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತುಕೊಂಡು ಅಲ್ಲಿಗೆ ಬರ್ತದೆ. ಮಳೆ ಬಂದು ನೀರು ಬಿಟ್ಟಾಗ ಬಿಳಿ ನೊರೆ ರಾಶಿ ರಾಶಿಯಾಗಿ ಎದ್ದು ನಿಲ್ತದೆ. ಅದರ ಫೋಟೋ ಪೇಪರಿನಲ್ಲಿ, ಟಿವಿಯಲ್ಲಿ ಬರುವುದು ಇಲ್ಲಿ ಹೊಸತಲ್ಲ. ನಮ್ಮ ಊರಿನ ನೀರು ಅಂದ್ರೆ ಮೊದಲು ನೆನಪಾಗಬೇಕಾದ್ದೇ ಅದು. ಮೂರನೇ ಹುಡುಗನನ್ನು ಕೇಳಿದೆ: "ಕೆಲವರಪಳ್ಳಿ ನೊರೆಯ ಬಗ್ಗೆ ಯಾಕೆ ಬರೆಯಲಿಲ್ಲ?"

"ನಾನು ನೋಡಿದ್ದೇನೆ ಅಣ್ಣಾ. ನಮ್ಮ ತಾತನ ಹೊಲ ಅದೇ ಕಡೆ. ಆದರೆ ಇದರಲ್ಲಿ ಅದು ಬರಲಿಲ್ಲ" ಅಂತ ಅವನು ಮೊಬೈಲ್ ತೋರಿಸಿದ.

ಹುಡುಗ ದಡ್ಡನಲ್ಲ. ಸುಳ್ಳೂ ಹೇಳಲಿಲ್ಲ. ಕಣ್ಣಾರೆ ಕಂಡದ್ದು ಉತ್ತರ ಆಗಬಹುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಸಂಜೆಯಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು. ನಾನು ಶಿಕ್ಷಣ ತಜ್ಞ ಅಲ್ಲ. ಬಿಕಾಂ ಮುಗಿಸಿ ದಕ್ಷಿಣ ಕನ್ನಡದಿಂದ ಈ ಗಡಿ ಊರಿಗೆ ಬಂದು ಅಂಗಡಿ ಇಟ್ಟವ. ಆದರೆ ಜೆರಾಕ್ಸ್ ಅಂಗಡಿಯ ಕೌಂಟರ್‌ಗೆ ಬೆಳಗ್ಗೆ ಕೆಲಸ ಹುಡುಕುವವರ ರೆಸ್ಯೂಮ್ ಬರ್ತದೆ, ಸಂಜೆ ಮಕ್ಕಳ ಪ್ರಾಜೆಕ್ಟ್ ಬರ್ತದೆ. ಶಾಲೆ ಮತ್ತು ಕೆಲಸ ಎರಡನ್ನೂ ಒಟ್ಟಿಗೆ ನೋಡುವ ಜಾಗ ಇದು. ಅಲ್ಲಿಂದ ನನಗೆ ಕಂಡದ್ದನ್ನು ಹೇಳ್ತೇನೆ.

ಸೃಜನಶೀಲ ಚಿಂತನೆ ಅಂದ್ರೆ ಚಿತ್ರ ಬಿಡಿಸೋದು ಮಾತ್ರ ಅಲ್ಲ

ನಮ್ಮಲ್ಲಿ 'ಕ್ರಿಯೇಟಿವ್' ಅಂದ ಕೂಡಲೇ ಚಿತ್ರ, ಹಾಡು, ಮದುವೆ ಮನೆಯ ಅಲಂಕಾರ, ಇನ್‌ಸ್ಟಾಗ್ರಾಂ ರೀಲ್ಸ್ ಅಂತ ಅಂದುಕೊಳ್ತೇವೆ. ಲೆಕ್ಕ ಬರೆಯುವವನಿಗೆ, ಮೆಕ್ಯಾನಿಕ್‌ಗೆ, ಹೋಟೆಲಿನವನಿಗೆ ಅದು ಬೇಡ ಅಂತ ಲೆಕ್ಕ ಹಾಕ್ತೇವೆ. ಇದು ತಪ್ಪು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆ.ಪಿ. ಗಿಲ್‌ಫರ್ಡ್ 1950ರಲ್ಲಿ ಮಾಡಿದ ಒಂದು ಭಾಷಣದ ಬಳಿಕ ಈ ವಿಷಯದ ಅಧ್ಯಯನ ಜೋರಾಗಿ ಶುರುವಾಯಿತು. ಯೋಚನೆಯಲ್ಲಿ ಎರಡು ಬಗೆ ಉಂಟು ಅಂತ ಅವರು ವಿವರಿಸಿದರು. ಒಂದು, ಹಲವು ದಾರಿಗಳಿಂದ ಒಂದೇ ಸರಿ ಉತ್ತರಕ್ಕೆ ಬಂದು ಸೇರುವುದು. ಇನ್ನೊಂದು, ಒಂದು ಪ್ರಶ್ನೆಯಿಂದ ಹೊರಟು ಹಲವು ದಾರಿಗಳಿಗೆ ಹರಡಿಕೊಳ್ಳುವುದು. ಎರಡನೆಯದನ್ನು ಅಳೆಯಲು ಅವರ ಹೆಸರಿನ ಜೊತೆ ಸೇರಿಕೊಂಡ ಒಂದು ಸರಳ ಪರೀಕ್ಷೆ ಉಂಟು. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ಪಟ್ಟಿ ಮಾಡಿ. ಗೋಡೆ ಕಟ್ಟಬಹುದು ಅಂತ ಎಲ್ಲರೂ ಹೇಳ್ತಾರೆ. ಬಾಗಿಲಿಗೆ ಅಡ್ಡ ಇಡಬಹುದು, ಒಲೆ ಮಾಡಬಹುದು, ಪುಡಿ ಮಾಡಿ ಪಾತ್ರೆ ಉಜ್ಜಬಹುದು ಅಂತ ಮುಂದೆ ಹೋಗುವವರು ಕಡಿಮೆ. ನಮ್ಮ ಅಜ್ಜಿಯಂದಿರು ಇದನ್ನೆಲ್ಲ ಮಾಡಿದವರೇ.

ಜಗತ್ತಿನ ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ 'ಪಿಸಾ' ಪರೀಕ್ಷೆಯಲ್ಲಿ 2022ರಲ್ಲಿ ಮೊದಲ ಸಲ ಸೃಜನಶೀಲ ಚಿಂತನೆಯನ್ನೂ ಅಳೆದರು. ಅಲ್ಲಿ ಅದನ್ನು ಮೂರು ಭಾಗ ಮಾಡಿದ್ದಾರೆ. ಬೇರೆ ಬೇರೆ ಬಗೆಯ ಯೋಚನೆ ಹುಟ್ಟಿಸುವುದು, ಇತರರಿಗೆ ಹೊಳೆಯದ ಯೋಚನೆ ಹುಟ್ಟಿಸುವುದು, ಮತ್ತು ಇರುವ ಯೋಚನೆಯನ್ನು ತೂಗಿ ನೋಡಿ ಸುಧಾರಿಸುವುದು. ಈ ಮೂರನೆಯದನ್ನು ಗಮನಿಸಿ. ತಲೆಗೆ ಬಂದದ್ದೆಲ್ಲ ಹೇಳುವುದು ಸೃಜನಶೀಲತೆ ಅಲ್ಲ. ಇದು ನಡೀತದಾ, ಖರ್ಚು ಎಷ್ಟು, ಯಾರಿಗೆ ಉಪಯೋಗ ಅಂತ ತೂಗುವುದೂ ಅದರೊಳಗೇ ಬರ್ತದೆ. ಅದು ವ್ಯಾಪಾರಿಗೆ ಗೊತ್ತಿರುವ ಕೆಲಸವೇ.

2024ರಲ್ಲಿ ಬಂದ ಆ ಫಲಿತಾಂಶದಲ್ಲಿ ಸಿಂಗಾಪುರ ಮೊದಲ ಸ್ಥಾನ ಪಡೆಯಿತು. ಅದೇ ಸಿಂಗಾಪುರ ಗಣಿತ, ಓದು, ವಿಜ್ಞಾನದಲ್ಲೂ ಮೊದಲು. ಅಂದರೆ ಮಗ್ಗಿ ಕಲಿತವನಿಗೆ ಹೊಸ ಯೋಚನೆ ಬರಲ್ಲ, ಹೊಸ ಯೋಚನೆ ಮಾಡುವವನಿಗೆ ಮಗ್ಗಿ ಬೇಡ ಅನ್ನುವ ಮಾತಿನಲ್ಲಿ ಅರ್ಥ ಇಲ್ಲ. ಭಾರತ ಆ ಪರೀಕ್ಷೆಯಲ್ಲಿ ಇರಲಿಲ್ಲ. ಅದಕ್ಕೂ ಮೊದಲು 2009ರ ಸುತ್ತಿನಲ್ಲಿ ನಾನೀಗ ಇರುವ ತಮಿಳುನಾಡು ಮತ್ತು ಹಿಮಾಚಲ ಪ್ರದೇಶ ಭಾಗವಹಿಸಿದ್ದವು. ಆಗ ಸಿಕ್ಕಿದ್ದು ಕೊನೆಯ ಸಾಲು. ಶಿಕ್ಷಣದಲ್ಲಿ ಮುಂದಿರುವ ರಾಜ್ಯಗಳು ಅಂತ ಹೆಸರು ಪಡೆದ ಎರಡಕ್ಕೂ ಹಾಗಾದದ್ದು ಯೋಚಿಸಬೇಕಾದ ವಿಷಯ. ಪಾಠದಲ್ಲಿ ಇದ್ದದ್ದನ್ನು ಹಾಗೆಯೇ ಬರೆಯುವುದಕ್ಕೆ ಆ ಪರೀಕ್ಷೆಯಲ್ಲಿ ಅಂಕ ಇಲ್ಲ. ಕಲಿತದ್ದನ್ನು ಕಾಣದ ಸಂದರ್ಭದಲ್ಲಿ ಬಳಸಬೇಕು.

ಹೊಸೂರಿನ ತೆಳ್ಳಗಿನ ವಾಚು

ಉದಾಹರಣೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಹೊಸೂರಿನಲ್ಲೇ ಉಂಟು.

ಟಾಟಾ ಸಂಸ್ಥೆ ಮತ್ತು ತಮಿಳುನಾಡು ಸರಕಾರದ ಟಿಡ್ಕೊ ಸೇರಿ 1984ರಲ್ಲಿ ಟೈಟಾನ್ ಕಂಪೆನಿ ಶುರು ಮಾಡಿದವು. ಕಾರ್ಖಾನೆ ಹೊಸೂರಿನಲ್ಲಿ. ಕಂಪೆನಿಯ ಮೊದಲ ಮುಖ್ಯಸ್ಥ ಝೆರ್ಕ್ಸೆಸ್ ದೇಸಾಯಿ ತಮ್ಮ ಎಂಜಿನಿಯರ್‌ಗಳ ಮುಂದೆ ಒಂದು ಸವಾಲು ಇಟ್ಟರು: ಜಗತ್ತಿನಲ್ಲೇ ತೆಳ್ಳಗಿನ, ನೀರು ನುಗ್ಗದ ಕೈಗಡಿಯಾರ ಮಾಡಬೇಕು. ಅಷ್ಟು ತೆಳುವಿನಲ್ಲಿ ನೀರು ತಡೆಯುವ ಕವಚ ಆಗುವುದಿಲ್ಲ ಅಂತ ವಾಚಿನ ತವರಾದ ಸ್ವಿಟ್ಜರ್ಲೆಂಡಿನ ತಜ್ಞರೇ ಕೈಚೆಲ್ಲಿದ್ದರು.

ಸಮಸ್ಯೆ ಎಲ್ಲಿ ಅಂದ್ರೆ, ಒಂದು ಭಾಗ ತೆಳುವಾದರೆ ಇನ್ನೊಂದಕ್ಕೆ ತೊಂದರೆ. ಗಾಜು ತೆಳುವಾದರೆ ಒತ್ತಿದಾಗ ಮುಳ್ಳಿಗೆ ತಾಗ್ತದೆ. ಕವಚ ತೆಳುವಾದರೆ ಬಾಗ್ತದೆ. ಬ್ಯಾಟರಿ ತೆಳುವಾದರೆ ಬೇಗ ಮುಗೀತದೆ. ಇದ್ದ ವಾಚನ್ನೇ ಉಜ್ಜಿ ಉಜ್ಜಿ ತೆಳು ಮಾಡಿದರೆ ಆಗುವ ಕೆಲಸ ಅಲ್ಲ. ಇಡೀ ವಾಚನ್ನು ಹೊಸದಾಗಿ ಯೋಚಿಸಬೇಕು. ವರ್ಷಗಟ್ಟಲೆ ಕೆಲಸ ಮಾಡಿ 2002ರಲ್ಲಿ 'ಟೈಟಾನ್ ಎಜ್' ಮಾರುಕಟ್ಟೆಗೆ ಬಂತು. ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಇಡೀ ವಾಚು 3.5 ಮಿಲಿಮೀಟರ್. ನಿಮ್ಮ ಎಟಿಎಂ ಕಾರ್ಡ್ ಐದು ಒಂದರ ಮೇಲೊಂದು ಇಟ್ಟರೆ ಅದಕ್ಕಿಂತ ದಪ್ಪ ಆಗ್ತದೆ.

ಅದೇ 2002ರಲ್ಲಿ ಇಲ್ಲಿನ ಇನ್ನೊಂದು ದೊಡ್ಡ ಕಂಪೆನಿ ಟಿವಿಎಸ್ ಮೋಟಾರ್‌ಗೆ ಗುಣಮಟ್ಟಕ್ಕಾಗಿ ಕೊಡುವ ಜಪಾನಿನ ಡೆಮಿಂಗ್ ಪ್ರಶಸ್ತಿ ಬಂತು. ಈ ಜಪಾನಿ ಪದ್ಧತಿಯ ಬೇರು 'ಕೈಜನ್' ಅನ್ನುವ ವಿಚಾರ. ಅಂದರೆ ದಿನಾ ಸ್ವಲ್ಪ ಸ್ವಲ್ಪ ಸುಧಾರಣೆ. ಯಂತ್ರದ ಮುಂದೆ ನಿಂತ ಕೆಲಸಗಾರನೇ ಅದನ್ನು ಹೇಳಬೇಕು. ಬೋಲ್ಟ್ ಇಡುವ ಡಬ್ಬ ಎಡಗಡೆಗೆ ಬಂದರೆ ಎರಡು ಹೆಜ್ಜೆ ಉಳಿತದೆ ಅಂತ ಗಮನಿಸುವವನು ಆಫೀಸಿನಲ್ಲಿ ಕೂತವನಲ್ಲ, ಅಲ್ಲಿ ನಿಂತವನು. ಹೀಗೆ ನೋಡಿದರೆ ಸೃಜನಶೀಲ ಚಿಂತನೆ ಎಂಜಿನಿಯರ್‌ನ ಆಸ್ತಿಯೂ ಅಲ್ಲ.

ಕಿತ್ತಳೆ ಬುಟ್ಟಿಯಿಂದ ಶಾಲೆಗೆ

ನಮ್ಮವರಲ್ಲೇ ಇನ್ನೂ ದೊಡ್ಡ ಉದಾಹರಣೆ ಉಂಟು. ಹರೇಕಳ ಹಾಜಬ್ಬರ ಕಥೆ ನಮಗೆಲ್ಲ ಗೊತ್ತು. ಆದರೆ ಅದನ್ನು ನಾವು ಯಾವಾಗಲೂ ತ್ಯಾಗದ ಕಥೆಯಾಗಿ ಮಾತ್ರ ಹೇಳ್ತೇವೆ. ಅದು ಯೋಚನೆಯ ಕಥೆಯೂ ಹೌದು.

ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರ ಹತ್ತಿರ ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಇವರಿಗೆ ಅರ್ಥ ಆಗಲಿಲ್ಲ, ಅವರು ಹೊರಟುಹೋದರು. ಇದೇ ಅನುಭವ ನನಗೆ ಆಗಿದ್ದರೆ ಏನು ಮಾಡ್ತಿದ್ದೆ? ಬೆಲೆ ಹೇಳುವಷ್ಟು ಇಂಗ್ಲಿಷ್ ಕಲಿಯುತ್ತಿದ್ದೆ. ಸಮಸ್ಯೆ ಮುಗಿಯಿತು. ಹಾಜಬ್ಬರು ಪ್ರಶ್ನೆಯನ್ನೇ ಬದಲಾಯಿಸಿದರು. ನನಗೆ ಯಾಕೆ ಇಂಗ್ಲಿಷ್ ಬರಲಿಲ್ಲ ಅನ್ನುವಲ್ಲಿಂದ ನಮ್ಮೂರಿನ ಮಕ್ಕಳಿಗೆ ಹೀಗಾಗದಂತೆ ಏನು ಮಾಡಬೇಕು ಅನ್ನುವಲ್ಲಿಗೆ ಹೋದರು. ನ್ಯೂಪಡ್ಪುವಿನಲ್ಲಿ ಶಾಲೆ ಬಂದದ್ದು ಆ ಪ್ರಶ್ನೆಯಿಂದ. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರ್‌ನಲ್ಲಿ ಅವರು ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಯವರಿಂದ ಅದನ್ನು ಸ್ವೀಕರಿಸಿದ್ದನ್ನು ಇಡೀ ದೇಶ ನೋಡಿತು.

ಓದದವರೊಬ್ಬರು ಪ್ರಶ್ನೆ ಬದಲಾಯಿಸಿ ಶಾಲೆ ಕಟ್ಟಿಸಿದರು. ಓದಿದ ನಾವು ನಮ್ಮ ಮಕ್ಕಳಿಗೆ ಪ್ರಶ್ನೆ ಬದಲಾಯಿಸಲು ಬಿಡ್ತೇವಾ?

ಯಂತ್ರ ಎಲ್ಲರಿಗೂ ಒಂದೇ ಉತ್ತರ ಕೊಟ್ಟಾಗ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದರ ಹಿಂದೆಯೇ ಬೇರೆ ಕಂಪೆನಿಗಳ ಎಐ ಕೂಡ ಬಂತು. ಇವು ಕೆಟ್ಟವು ಅಂತ ನಾನು ಹೇಳುವುದಿಲ್ಲ. ನಾನೇ ದಿನಾ ಬಳಸ್ತೇನೆ. ತಮಿಳಿನಲ್ಲಿ ಬಂದ ಸರಕಾರಿ ಪತ್ರ ಅರ್ಥ ಮಾಡಿಕೊಳ್ಳಲು, ಅರ್ಜಿ ಬರೆಯಲು ಒಳ್ಳೆಯ ಸಹಾಯ.

ಆದರೆ ಇದು ಕೆಲಸ ಮಾಡುವ ಕ್ರಮ ತಿಳಿದಿರಬೇಕು. ಇಂಥ ಯಂತ್ರ ಕೋಟಿಗಟ್ಟಲೆ ಬರಹಗಳನ್ನು ಓದಿ, ಒಂದು ಶಬ್ದದ ಬಳಿಕ ಯಾವ ಶಬ್ದ ಬರುವ ಸಾಧ್ಯತೆ ಹೆಚ್ಚು ಅಂತ ಕಲಿತದ್ದು. ಆದ್ದರಿಂದ ಬರಿದೇ ಕೇಳಿದರೆ ಎಲ್ಲರೂ ಸಾಮಾನ್ಯವಾಗಿ ಹೇಳುವಂಥದ್ದನ್ನೇ ಅದು ಮೊದಲು ಹೇಳ್ತದೆ. ನೀರಿನ ಬಗ್ಗೆ ಕೇಳಿದರೆ ಮಳೆಕೊಯ್ಲು. ಕೆಲವರಪಳ್ಳಿಯ ನೊರೆ ಬೇಕಾದರೆ ನೀವು ಅದನ್ನು ನೋಡಿ ಬಂದು ಕೇಳಬೇಕು.

ಬ್ರಿಟನ್ನಿನ ಇಬ್ಬರು ಸಂಶೋಧಕರು, ಅನಿಲ್ ದೋಶಿ ಮತ್ತು ಆಲಿವರ್ ಹೌಸರ್, ಸುಮಾರು 300 ಜನರಿಂದ ಸಣ್ಣ ಕಥೆ ಬರೆಸಿ ಒಂದು ಪ್ರಯೋಗ ಮಾಡಿದರು. 2024ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಎಐಯಿಂದ ಐಡಿಯಾ ಪಡೆದು ಬರೆದವರ ಕಥೆಗಳಿಗೆ ಓದುಗರು ಹೆಚ್ಚು ಅಂಕ ಕೊಟ್ಟರು. ಮೊದಲೇ ಚೆನ್ನಾಗಿ ಬರೆಯುವವರಿಗಿಂತ ಅಷ್ಟು ಚೆನ್ನಾಗಿ ಬಾರದವರಿಗೆ ಲಾಭ ಜಾಸ್ತಿ. ಆದರೆ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎಐ ಸಹಾಯ ಪಡೆದವು ಒಂದನ್ನೊಂದು ಹೆಚ್ಚು ಹೋಲುತ್ತಿದ್ದವು. ನನ್ನ ಪ್ರಿಂಟರ್‌ನಿಂದ ಹೊರಬಿದ್ದ ಮೂರು ಪ್ರಬಂಧಗಳೂ ಅದನ್ನೇ ಹೇಳಿದ್ದು. ಒಂದೊಂದೇ ನೋಡಿದರೆ ಚೆಂದ, ಮೂರೂ ನೋಡಿದರೆ ಒಂದೇ.

ವ್ಯಾಪಾರದ ಲೆಕ್ಕದಲ್ಲಿ ಹೇಳುವುದಾದರೆ, ಎಲ್ಲ ಅಂಗಡಿಯಲ್ಲೂ ಸಿಗುವ ಮಾಲಿಗೆ ಲಾಭ ಇಲ್ಲ. ಸಿದ್ಧ ಉತ್ತರ ಈಗ ಎಲ್ಲ ಅಂಗಡಿಯಲ್ಲೂ ಸಿಗ್ತದೆ, ಅದೂ ಫ್ರೀಯಾಗಿ.

ನನ್ನ ಮಗಳ ಸಿಗ್ನಲ್ ಮತ್ತು ನನ್ನ ತಪ್ಪು

ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥ ಇಲ್ಲ.

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಟ್ರಾಫಿಕ್ ಬಗ್ಗೆ ಮಾದರಿ ಮಾಡಿ ತರಲು ಹೇಳಿದ್ದರು. ಅವಳು ಅಂಗಡಿಯ ಖಾಲಿ ಟೋನರ್ ಡಬ್ಬದಿಂದ ಸಿಗ್ನಲ್ ಮಾಡಿದಳು. ಬಾಟಲಿ ಮುಚ್ಚಳಗಳಿಗೆ ಬಣ್ಣ ಹಚ್ಚಿ ಮೂರು ದೀಪ. ಆಮೇಲೆ ಹಳೇ ಸೈಕಲಿನ ಬೆಲ್ ತಂದು ಅದಕ್ಕೆ ಕಟ್ಟಿದಳು. ಯಾಕೆ ಅಂತ ಕೇಳಿದರೆ, "ಉಪ್ಪಾ, ಕಣ್ಣು ಕಾಣದವರಿಗೆ ಕೆಂಪು ಯಾವುದು ಹಸಿರು ಯಾವುದು ಹೇಗೆ ಗೊತ್ತಾಗೋದು?" ಅಂದಳು. ಕೆಲವು ದೇಶಗಳಲ್ಲಿ ಸದ್ದು ಮಾಡುವ ಸಿಗ್ನಲ್ ನಿಜವಾಗಿಯೂ ಉಂಟು. ಅದು ಅವಳಿಗೆ ಗೊತ್ತಿರಲಿಲ್ಲ. ಅವಳ ತಲೆಗೇ ಬಂದದ್ದು.

ಮಾದರಿ ಸ್ವಲ್ಪ ಓರೆಯಾಗಿತ್ತು, ಗೋಂದು ಮೆತ್ತಿತ್ತು. ಶಾಲೆಯಲ್ಲಿ ಅಚ್ಚುಕಟ್ಟು ಸಾಲದು ಅಂತ ಹೇಳಿ ಕಡಿಮೆ ಗ್ರೇಡ್ ಕೊಟ್ಟರು. ಬೆಲ್ ಯಾಕೆ ಅಂತ ಯಾರೂ ಕೇಳಲಿಲ್ಲವಂತೆ. ಥರ್ಮೋಕೋಲಿನ ರೆಡಿಮೇಡ್ ಮಾದರಿ ತಂದ ಮಕ್ಕಳಿಗೆ ಸ್ಟಾರ್ ಸಿಕ್ಕಿತು. ಆ ಮಾದರಿಗಳಲ್ಲಿ ಕೆಲವು ನನ್ನ ಅಂಗಡಿಯಲ್ಲೇ ಮಾರಿದ್ದು.

ಟೀಚರನ್ನು ದೂರಿ ಪ್ರಯೋಜನ ಇಲ್ಲ. ಐವತ್ತು ಮಕ್ಕಳ ಮಾದರಿಯನ್ನು ಒಂದೇ ಪೀರಿಯಡ್‌ನಲ್ಲಿ ನೋಡುವವರಿಗೆ ಪ್ರತಿಯೊಬ್ಬರನ್ನೂ ಕೇಳಲು ಪುರುಸೊತ್ತು ಎಲ್ಲಿ? ತಪ್ಪು ನನ್ನದೂ ಹೌದು. ಅವತ್ತು ಮನೆಯಲ್ಲಿ ನಾನು ಹೇಳಿದ್ದು, "ಸ್ವಲ್ಪ ನೀಟಾಗಿ ಮಾಡಬೇಕಿತ್ತಲ್ಲ". ಬೆಲ್ಲಿನ ಬಗ್ಗೆ ಒಂದು ಮಾತು ಹೊಗಳಲಿಲ್ಲ. ಮರುವರ್ಷ ಪ್ರಾಜೆಕ್ಟ್ ಬಂದಾಗ ಅವಳೇ ಹೇಳಿದಳು: "ಉಪ್ಪಾ, ಅಂಗಡಿಯಿಂದಲೇ ಒಂದು ತಗೊಂಡು ಬಾ."

ನೂರೈವತ್ತು ರೂಪಾಯಿಯ ಥರ್ಮೋಕೋಲ್ ಮಾದರಿ ಕವರಿನಲ್ಲಿ ಹಾಕಿಕೊಂಡು ಮನೆಗೆ ಹೋದೆ. ಎಷ್ಟೋ ತಂದೆ ತಾಯಿಗೆ ಅದನ್ನು ಮಾರಿ ಲಾಭ ಎಣಿಸಿದವನಿಗೆ ಅವತ್ತು ಕವರು ಭಾರ ಅನಿಸಿತು.

ಕೆಲಸದ ಜಾಗದಲ್ಲಿ ಏನು ಬದಲಾಗ್ತಿದೆ?

ಶಾಲೆಯಲ್ಲಿ ಆದದ್ದು ಕೆಲಸಕ್ಕೂ ಬಂದು ಮುಟ್ಟುತ್ತದೆ. ವರ್ಲ್ಡ್ ಇಕನಾಮಿಕ್ ಫೋರಂ ದೊಡ್ಡ ಉದ್ಯೋಗದಾತರನ್ನು ಕೇಳಿ ವರದಿ ತರ್ತದೆ. ಮುಖ್ಯ ಕೌಶಲಗಳ ಪಟ್ಟಿಯಲ್ಲಿ 2023ರಲ್ಲಿ ಮೊದಲನೆಯದು ವಿಶ್ಲೇಷಣೆ, ಎರಡನೆಯದು ಸೃಜನಶೀಲ ಚಿಂತನೆ. 2025ರ ವರದಿಯಲ್ಲೂ ಅದು ಮೊದಲ ಐದರೊಳಗೆ ಉಂಟು.

ನಾನು ಕಲಿತ ಕಾಮರ್ಸಿನಿಂದಲೇ ಹೇಳ್ತೇನೆ. 2017ರಲ್ಲಿ ಜಿಎಸ್‌ಟಿ ಬಂದಾಗ ಖರೀದಿ ಬಿಲ್ ಒಂದೊಂದೇ ಎಂಟ್ರಿ ಮಾಡಿ ತಾಳೆ ನೋಡಲು ಜನ ಬೇಕಿತ್ತು. ನನ್ನ ಜೊತೆ ಓದಿದ ಎಷ್ಟೋ ಮಂದಿಗೆ ಅದರಿಂದ ಕೆಲಸ ಸಿಕ್ಕಿತು. 2020ರಿಂದ ಜಿಎಸ್‌ಟಿಆರ್-2ಬಿ ಅನ್ನುವ ಪಟ್ಟಿ ಪೋರ್ಟಲಿನಲ್ಲೇ ತಯಾರಾಗಿ ಬರ್ತದೆ. ತಾಳೆ ನೋಡುವುದನ್ನು ಸಾಫ್ಟ್‌ವೇರ್ ಮಾಡ್ತದೆ. ಎಂಟ್ರಿ ಮಾತ್ರ ಮಾಡುತ್ತಿದ್ದವನ ಕುರ್ಚಿ ಅಲ್ಲಾಡ್ತಿದೆ.

ಊರಿನಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಲೆಕ್ಕ ಬರೆಯುವ ನನ್ನ ಕ್ಲಾಸ್‌ಮೇಟ್ ಒಬ್ಬ ಇದ್ದಾನೆ. ಎಂಟ್ರಿ ಕೆಲಸ ಕಡಿಮೆಯಾದಾಗ ಅವನು ಸುಮ್ಮನೆ ಕೂರಲಿಲ್ಲ. ಟಾರ್ಪಾಲು, ಮಾಡಿನ ಶೀಟು ಇತ್ಯಾದಿ ಮಳೆಗೆ ಮೊದಲು ಎರಡು ತಿಂಗಳು ಮಾತ್ರ ಓಡ್ತದೆ, ಆದರೆ ಧಣಿ ವರ್ಷವಿಡೀ ತರಿಸಿ ಗೋದಾಮಿನಲ್ಲಿ ಹಣ ಕಟ್ಟಿಹಾಕ್ತಿದ್ದಾರೆ ಅಂತ ಲೆಕ್ಕ ತೆಗೆದು ತೋರಿಸಿದ. ಅಂಕೆಗಳೆಲ್ಲ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇದ್ದವು. ಕೇಳಿದವರು ಇರಲಿಲ್ಲ. ಅವನ ಕೆಲಸ ಉಳಿಯಿತು, ಸಂಬಳವೂ ಸ್ವಲ್ಪ ಏರಿತು.

ಕೃಷ್ಣಗಿರಿ ಜಿಲ್ಲೆಯಲ್ಲಿ ಬದಲಾವಣೆ ಇನ್ನೂ ಜೋರು. ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯಲ್ಲಿ ಓಲಾ, ಎರಡೂ ಕಡೆ ಎಲೆಕ್ಟ್ರಿಕ್ ಸ್ಕೂಟರ್ ತಯಾರಾಗ್ತದೆ. ಕಾರ್ಬುರೇಟರ್ ಬಿಚ್ಚಿ ಜೋಡಿಸಿ ಜೀವನ ಕಂಡ ಮೆಕ್ಯಾನಿಕ್ ಈಗ ಬ್ಯಾಟರಿ, ವೈರಿಂಗ್, ಸಾಫ್ಟ್‌ವೇರ್ ಕಲಿಯಬೇಕು. ಕಲಿತದ್ದು ಒಂದೇ ಜೀವನಪೂರ್ತಿ ಸಾಕು ಅನ್ನುವ ಕಾಲ ಹೋಯಿತು. ಹೊಸದನ್ನು ಕಲಿಯುವ, ಹಳೆಯದನ್ನು ಹೊಸ ಕಡೆ ಹೊಂದಿಸುವ ಅಭ್ಯಾಸ ಇದ್ದವನು ನಿಲ್ತಾನೆ.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಸೃಜನಶೀಲತೆ ಇದ್ದರೆ ಸಾಕು, ಎಲ್ಲ ಸರಿಯಾಗ್ತದೆ ಅನ್ನುವುದು ಸುಳ್ಳು. ಗುತ್ತಿಗೆ ಕೆಲಸದ ಹುಡುಗ ಎಷ್ಟು ಒಳ್ಳೆಯ ಯೋಚನೆ ಹೇಳಿದರೂ ಕೇಳುವ ಸೂಪರ್‌ವೈಸರ್ ಬೇಕಲ್ಲ. ಇಷ್ಟು ದಿನದಲ್ಲಿ ಮಗುವನ್ನು ಜೀನಿಯಸ್ ಮಾಡಿಕೊಡ್ತೇವೆ ಅಂತ ಸಾವಿರಾರು ರೂಪಾಯಿ ಕೇಳುವ ಕೋರ್ಸುಗಳ ಪಾಂಪ್ಲೆಟ್ ಕೂಡ ನನ್ನ ಅಂಗಡಿಯಲ್ಲೇ ಪ್ರಿಂಟ್ ಆಗ್ತದೆ. ನಾನಂತೂ ನನ್ನ ಮಗಳನ್ನು ಅದಕ್ಕೆ ಸೇರಿಸಿಲ್ಲ.

ಮಗ್ ಮೆಷಿನ್ ಕಲಿಸಿದ ಪಾಠ

2020ರ ಲಾಕ್‌ಡೌನ್ ಬಳಿಕ ನನ್ನ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು. ನೋಟ್ಸ್ ಎಲ್ಲ ಪಿಡಿಎಫ್ ಆಗಿ ಮೊಬೈಲಿಗೆ ಹೋಯಿತು. ಪೆನ್ನು, ಬ್ಯಾಗು ಆನ್‌ಲೈನಿನಲ್ಲಿ ನನ್ನ ಅಸಲಿಗಿಂತ ಕಡಿಮೆಗೆ ಸಿಗ್ತಿತ್ತು. ಆಗ ಯೂಟ್ಯೂಬ್ ನೋಡಿ ಸಾಲ ಮಾಡಿ ಫೋಟೋ ಮಗ್ ಪ್ರಿಂಟ್ ಮಾಡುವ ಮೆಷಿನ್ ತಂದೆ. ಎಂಟು ತಿಂಗಳಲ್ಲಿ ಮೂವತ್ತು ಮಗ್ ಕೂಡ ಹೋಗಲಿಲ್ಲ. ಮೆಷಿನ್ ಈಗಲೂ ಮೇಲಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಾ ಕೂತಿದೆ.

ಯಾಕೆ ಸೋತೆ? ನನ್ನ ಅಂಗಡಿಗೆ ಯಾರು ಬರ್ತಾರೆ ಅಂತ ನೋಡದೆ ಬೇರೆ ಯಾವುದೋ ಊರಿನವನ ಯೋಚನೆಯನ್ನು ಹಾಗೆಯೇ ತಂದಿದ್ದೆ. ಆ ಮೂವರು ಮಕ್ಕಳು ಮಾಡಿದ್ದನ್ನೇ ನಾನೂ ಮಾಡಿದ್ದು. ಅವರಿಗೆ ಪ್ರಿಂಟಿನ ಹತ್ತು ರೂಪಾಯಿ ಖರ್ಚಾಯಿತು, ನನಗೆ ಸಾಲ ಆಯಿತು.

ಆಮೇಲೆ ಒಂದು ದಿನ ಸುಬ್‌ಹಿ ನಮಾಝ್ ಮುಗಿಸಿ ಬರುವಾಗ ಶಟರಿನ ಮುಂದೆ ಒಬ್ಬ ಹುಡುಗ ಕಾಯ್ತಾ ನಿಂತಿದ್ದ. ಒಡಿಶಾದವ, ಸಿಪ್‌ಕಾಟ್ ಕಡೆಯ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದಿದ್ದ. ಆಧಾರ್ ಜೆರಾಕ್ಸ್ ಬೇಕು, ಪಿಎಫ್ ಅರ್ಜಿ ತುಂಬಿಸಬೇಕು. ಅಂಗಡಿಗಳು ತೆರೆಯುವುದು ಒಂಬತ್ತೂವರೆಗೆ, ಆಗ ಅವನು ಮಲಗಿರ್ತಾನೆ. ಅವನ ಹಾಗೆ ಎಷ್ಟು ಜನ ಇರಬಹುದು? ಮರುವಾರದಿಂದ ಬೆಳಗ್ಗೆ ಆರಕ್ಕೆ ಅಂಗಡಿ ತೆರೆದೆ. ಫಾರ್ಮ್ ತುಂಬಲು ಒಂದು ಮೇಜು, ಒಂದು ಕಂಪ್ಯೂಟರ್ ಹಾಕಿದೆ. ಬ್ಯಾರಿ, ಕನ್ನಡ, ತುಳು, ಹಿಂದಿ, ಇಲ್ಲಿಗೆ ಬಂದು ಕಲಿತ ತಮಿಳು, ಇಷ್ಟು ಭಾಷೆ ನನಗೆ ಬರ್ತದೆ. ಊರಿನಲ್ಲಿ ಅದಕ್ಕೆ ಬೆಲೆ ಅಂತ ಅನಿಸಿರಲಿಲ್ಲ. ಇಲ್ಲಿ ಅದೇ ನನ್ನ ಬಂಡವಾಳ ಆಯಿತು. ಶ್ರೀಮಂತ ಆಗಲಿಲ್ಲ. ಬಾಡಿಗೆ, ಸಾಲದ ಕಂತು, ಮನೆ ಖರ್ಚು ನಡೀತಿದೆ, ಅಲ್ಹಮ್ದುಲಿಲ್ಲಾಹ್.

ಇದರಲ್ಲಿ ದೊಡ್ಡ ಟೆಕ್ನಾಲಜಿ ಏನೂ ಇಲ್ಲ. ಕಣ್ಣು ಬಿಟ್ಟು ನೋಡಿದ್ದು, ಒಂದು ಪ್ರಶ್ನೆ ಕೇಳಿದ್ದು, ಸಣ್ಣದಾಗಿ ಮಾಡಿ ನೋಡಿದ್ದು. ನಮ್ಮ ಹಿರಿಯರು ಮೀನು, ಮರ, ಜವಳಿ, ಹೋಟೆಲ್ ಅಂತ ಗೊತ್ತಿಲ್ಲದ ಊರುಗಳಿಗೆ ಹೋಗಿ ಬದುಕು ಕಟ್ಟಿದ್ದು ಇದೇ ಬುದ್ಧಿಯಿಂದ. ಅಂಗಡಿಯಲ್ಲಿ ಈ ಬುದ್ಧಿಯನ್ನು ಹೊಗಳುವ ನಾವು ಮಕ್ಕಳ ಪುಸ್ತಕದ ಹತ್ತಿರ ಬಂದಾಗ "ಇದ್ದದ್ದು ಬರಿ ಮೋನೆ, ಜಾಸ್ತಿ ತಲೆ ಓಡಿಸಬೇಡ" ಅಂತೇವೆ.

ನಾವು ಏನು ಮಾಡಬಹುದು?

ಮೊದಲನೆಯದು, ಮಕ್ಕಳಿಗೆ ಎಐ ಕೊಡುವ ಕ್ರಮ. ನಿಷೇಧ ಮಾಡಿದರೆ ಕದ್ದು ಬಳಸ್ತಾರೆ. ನಮ್ಮ ಮನೆಯಲ್ಲಿ ಈಗ ಹೀಗೆ: ಮೊದಲು ಹತ್ತು ನಿಮಿಷ ಮೊಬೈಲ್ ಇಲ್ಲದೆ ತನಗೆ ಗೊತ್ತಿರುವುದನ್ನು, ಕಂಡದ್ದನ್ನು ಕಾಗದದಲ್ಲಿ ಬರೆಯಬೇಕು. ಆಮೇಲೆ ಎಐ ಕೇಳಬಹುದು. ಕೊನೆಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು, ಅದಕ್ಕೆ ಗೊತ್ತಿಲ್ಲದ್ದು ನನ್ನ ಹತ್ತಿರ ಏನಿದೆ, ಅದು ಹೇಳಿದ್ದರಲ್ಲಿ ನಮ್ಮೂರಿಗೆ ಹೊಂದದ್ದು ಯಾವುದು ಅಂತ ಗುರುತು ಹಾಕಬೇಕು.

ಎರಡನೆಯದು, ಓರೆಯಾದದ್ದನ್ನು ಓರೆಯಾಗಿಯೇ ಕಳಿಸುವ ಧೈರ್ಯ. ಮಗುವಿನ ಮಾದರಿಯನ್ನು ನಾವು ಮಾಡಿಕೊಡುವುದು, ಕೊಂಡುಕೊಡುವುದು ನಿಲ್ಲಿಸೋಣ. ಹೇಗೆ ಕಾಣ್ತದೆ ಅನ್ನುವ ಮೊದಲು ಯಾಕೆ ಹೀಗೆ ಮಾಡಿದೆ ಅಂತ ಕೇಳೋಣ. ನನ್ನ ಅಂಗಡಿಯಲ್ಲಿ ಸಿದ್ಧ ಮಾದರಿ ಮಾರುವುದನ್ನು ನಿಲ್ಲಿಸಿದ್ದೇನೆ. ಬದಲಿಗೆ ಖಾಲಿ ರಟ್ಟು, ಗೋಂದು, ಬಣ್ಣ, ತಂತಿ ಸೇರಿಸಿ ಒಂದು ಪ್ಯಾಕೆಟ್ ಇಟ್ಟಿದ್ದೇನೆ. ಮಾರಾಟ ಕಡಿಮೆ, ಒಪ್ಪಿಕೊಳ್ತೇನೆ.

ಮೂರನೆಯದು, ಅಂಗಡಿಯ ಸಮಸ್ಯೆಯನ್ನು ಮಕ್ಕಳ ಮುಂದೆ ಇಡುವುದು. ರಜೆಯಲ್ಲಿ ಹುಡುಗರನ್ನು ಕೌಂಟರಿನಲ್ಲಿ ಕೂರಿಸುವುದು ನಮ್ಮಲ್ಲಿ ಹಳೆಯ ಕ್ರಮ. ಚಿಲ್ಲರೆ ಎಣಿಸಲು ಮಾತ್ರ ಅಲ್ಲ, "ಈ ಮಾಲು ಯಾಕೆ ಹೋಗ್ತಾ ಇಲ್ಲ, ನೀನಾದರೆ ಏನು ಮಾಡ್ತಿ?" ಅಂತ ಕೇಳೋಣ. ಹೆಣ್ಣು ಮಕ್ಕಳನ್ನೂ ಕೇಳೋಣ.

ನಾಲ್ಕನೆಯದು, ಶಾಲೆಗಳಲ್ಲಿ ಇರುವುದನ್ನು ಬಳಸುವುದು. ಕೇಂದ್ರ ಸರಕಾರ 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಕೊಡ್ತಿದೆ. 6ರಿಂದ 12ನೇ ತರಗತಿಯ ಮಕ್ಕಳು ಅಲ್ಲಿ ಕೈಯಾರೆ ಸಾಧನಗಳನ್ನು ಮಾಡಿ ನೋಡಬಹುದು. ಇಂಥವು ಸುಮಾರು 10,000 ಆಗಿವೆ, ಸರಕಾರಿ ಶಾಲೆಗಳಿಗೆ ಇನ್ನೂ 50,000 ಅಂತ 2025ರ ಬಜೆಟ್‌ನಲ್ಲಿ ಘೋಷಣೆ ಆಗಿದೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಅದು ಉಂಟಾ, ಇದ್ದರೆ ಬಾಗಿಲು ತೆರೀತದಾ ಅಂತ ಮೀಟಿಂಗಿನಲ್ಲಿ ಕೇಳಿ.

ಐದನೆಯದು, ನಮ್ಮ ಸಂಘಟನೆಗಳಿಗೆ ಒಂದು ವಿನಂತಿ. ಪ್ರತಿ ವರ್ಷ ಹತ್ತನೇ ಕ್ಲಾಸು, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದವರಿಗೆ ಪ್ರತಿಭಾ ಪುರಸ್ಕಾರ ಮಾಡ್ತೇವೆ. ಒಳ್ಳೆಯದೇ, ಅದು ಇರಲಿ. ಅದೇ ವೇದಿಕೆಯಲ್ಲಿ ಇನ್ನೊಂದು ಬಹುಮಾನ ಇಡಿ: ತನ್ನ ಮನೆಯದೋ ಮೊಹಲ್ಲಾದ್ದೋ ಒಂದು ನಿಜವಾದ ಸಮಸ್ಯೆಯನ್ನು ಗುರುತಿಸಿ ಅದಕ್ಕೆ ದಾರಿ ಮಾಡಿ ತೋರಿಸಿದ ಮಗುವಿಗೆ. ಶಾಲು, ಸ್ಮರಣಿಕೆಯ ಖರ್ಚಿನಲ್ಲೇ ಅದು ಆಗ್ತದೆ. ಯಾವುದಕ್ಕೆ ಬಹುಮಾನ ಕೊಡ್ತೇವೆ ಅಂತ ಮಕ್ಕಳು ನೋಡ್ತಾ ಇರ್ತಾರೆ.

ಮೊನ್ನೆ ಒಂದು ಭಾನುವಾರ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕೆಲವರಪಳ್ಳಿಗೆ ಹೋದೆ. ನೊರೆ ಎದ್ದಿತ್ತು, ವಾಸನೆಯೂ ಇತ್ತು. ಅವಳು ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು ತುಂಬಾ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಉಪ್ಪಾ, ನೀರು ಹಾಳು ಮಾಡಿದವರು ಅಲ್ಲಿ ಬೆಂಗಳೂರಲ್ಲಿ. ನೊರೆ ಬಂದಿರೋದು ಇಲ್ಲಿ. ಅವರಿಗೆ ಇದು ಕಾಣುವ ಹಾಗೆ ಮಾಡೋದು ಹೇಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಜೇಬಿನಲ್ಲಿ ಮೊಬೈಲ್ ಇತ್ತು, ತೆಗೆಯಲಿಲ್ಲ. "ಮನೆಗೆ ಹೋದ ಕೂಡಲೇ ಈ ಪ್ರಶ್ನೆಯನ್ನು ಬರೆದಿಡು" ಅಂದೆ. ಬರೆದಿದ್ದಾಳೆ. ಓರೆ ಅಕ್ಷರದಲ್ಲಿ ಆ ಕಾಗದ ಈಗ ನನ್ನ ಅಂಗಡಿಯ ಗೋಡೆಯಲ್ಲಿ ಉಂಟು.